ಇಪ್ಪತ್ತೊಂದು ಸೂಜಿಯ ಅತ್ತೆ

ನಮ್ಮ ಅತ್ತೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಬಬಲೇಶ್ವರ, ಜೈನಾಪುರ, ಟಿಕೋಟಾ, ಬಿಜ್ಜರಗಿ ಈ ನಾಲ್ಕೂ ಊರುಗಳಲ್ಲಿ ಇನ್ನೂ ಗಟ್ಟಿಯಾಗಿರುವ ಹತ್ತು ಹನ್ನೊಂದು ಹೆಂಗಸರು ನನ್ನ ಮೇಲೆ ಜಗಳಕ್ಕೆ ಬಂದಾರು. ಅವರೆಲ್ಲ ಒಂದು ಕಾಲಕ್ಕೆ ನಮ್ಮ ಅತ್ತೆಯ ಮುಂದೆ ತಲೆ ತಗ್ಗಿಸಿ ಕೂತು ಇಪ್ಪತ್ತೊಂದು ಸೂಜಿಗೆ ದಾರ ಪೋಣಿಸಿಕೊಟ್ಟವರು, ಕೊನೆಗೆ ಕನ್ಯಾ ಮನಸ್ಸಿಗೆ ಬರಲಿಲ್ಲ ಎಂದು ಹೇಳಿಸಿಕೊಂಡವರು. ಅದರ ಒಳಗುಟ್ಟು ನಮ್ಮ ಮನೆಯ ಗೋಡೆ ದಾಟಿರಲಿಲ್ಲ. ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು, ಇನ್ನು ಹೇಳಿದರೆ ಅಡ್ಡಿಯಿಲ್ಲ.

ಹೇಳುವ ನೆಪ ಬಂದದ್ದು ಮೊನ್ನೆ. ನನ್ನ ಸೊಸೆ ಬಾಯಿ ಚುರುಕಿನ ಹುಡುಗಿ. ನಾನು ಪೇಪರು ಓದುವುದನ್ನು ನೋಡಿ, ಎಲ್ಲರೂ ಓದುವಾಗ ಚಾಳೀಸು ಹಾಕಿಕೊಳ್ಳುತ್ತಾರೆ, ನೀವೊಬ್ಬರೇ ತೆಗೆದಿಡುತ್ತೀರಲ್ಲ, ಇದೆಂಥ ತಿರುವುಮುರುವು ಎಂದು ಕೇಳಿದಳು. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅನ್ನುವುದು ರೂಢಿ. ಮರಾಠಿಯಲ್ಲಿ ಚಾಳೀಸ ಎಂದರೆ ನಲವತ್ತು, ನಲವತ್ತರ ಆಚೀಚೆ ಮೂಗು ಏರುವುದಕ್ಕೆ ಬಂದ ಹೆಸರದು. ನನ್ನ ಮೂಗನ್ನು ಅದು ಹದಿನೆಂಟಕ್ಕೇ ಏರಿತು. ಯಾಕೆಂದು ಹೇಳಬೇಕಾದರೆ ಅತ್ತೆಯಿಂದಲೇ ಶುರು ಮಾಡಬೇಕು.

ಅತ್ತೆ ಎತ್ತರದ ಹೆಂಗಸು. ನಾನು ಸೊಸೆಯಾಗಿ ಬಬಲೇಶ್ವರಕ್ಕೆ ಬಂದಾಗ ಐವತ್ತಕ್ಕೆ ಒಂದೆರಡು ವರ್ಷ ಕಡಿಮೆ ಇದ್ದಿರಬೇಕು. ಆಗ ದೊಡ್ಡ ಯುದ್ಧ ನಡೆದಿತ್ತು, ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಅತ್ತೆಯ ದೂರದ ಕಣ್ಣು ಊರಿಗೇ ಹೆಸರಾಗಿತ್ತು. ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತ, ಟಿಕೋಟಾ ದಾರಿಯಲ್ಲಿ ಬರುವ ಬಂಡಿ ಯಾರದು, ಎಡಗಡೆಯ ಎತ್ತು ಯಾವ ಕಾಲು ಎಳೆಯುತ್ತಿದೆ, ಒಳಗೆ ಕೂತವಳು ತವರಿಗೆ ಹೊರಟವಳೋ ತವರಿನಿಂದ ತಿರುಗಿ ಬರುತ್ತಿರುವವಳೋ ಎಲ್ಲ ಹೇಳಿಬಿಡುತ್ತಿದ್ದರು. ತಿರುಗಿ ಬರುವವಳ ಮುಖ ಸಣ್ಣದಾಗಿರುತ್ತದೆ ಎನ್ನುವುದು ಅವರ ಸಿದ್ಧಾಂತ. ಹತ್ತಕ್ಕೆ ಒಂಬತ್ತು ಸಲ ಅದು ನಿಜವಾಗುತ್ತಿತ್ತು.

ಆದರೆ ಅದೇ ಅತ್ತೆಯ ಮುಖದ ಹತ್ತಿರ ಏನಾದರೂ ಹಿಡಿದು ತೋರಿಸಿ ನೋಡಿ. ಗದ್ದ ಹಿಂದಕ್ಕೆ ಎಳೆದುಕೊಂಡು, ಕೈಯಿಂದ ಅದನ್ನು ದೂರ ತಳ್ಳಿ, “ಮೂಗಿಗೆ ಯಾಕ ಹಿಡೀತಿ, ನಾ ಏನ ವಾಸನಿ ನೋಡಬೇಕೇನು?” ಎಂದು ಗದರುತ್ತಿದ್ದರು. ವಿಜಾಪುರದ ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಅಂಗಡಿಯವನನ್ನು ಎದುರು ಗೋಡೆಗೆ ಒತ್ತಿ ನಿಲ್ಲಿಸಿ, ಸೆರಗು ಬಿಚ್ಚಿ ಹಿಡಿ ಎನ್ನುತ್ತಿದ್ದರು. ಅವನು ಇದನ್ನು ದೊಡ್ಡ ಮನೆತನದವರ ಪರೀಕ್ಷೆ ಎಂದು ತಿಳಿದು ಇನ್ನಷ್ಟು ಒಳ್ಳೆಯ ಸೀರೆ ತೆಗೆಯುತ್ತಿದ್ದ. ಮನೆಯಲ್ಲಿ ಜೋಳ ಹಸನು ಮಾಡುವುದು ಬೆರಳ ತುದಿಯಿಂದ. ಬೆರಳಿಗೆ ತಪ್ಪಿಸಿಕೊಂಡ ಹರಳು ಮಾವನವರ ಹಲ್ಲಿಗೆ ಸಿಗುತ್ತಿತ್ತು. ಮಾವ ಮಾತು ಕಡಿಮೆ ಮನುಷ್ಯ. ಹರಳನ್ನು ಬಾಯಿಂದ ತೆಗೆದು ತಾಟಿನ ಅಂಚಿಗೆ ಇಟ್ಟು, ಮತ್ತೆ ರೊಟ್ಟಿ ಮುರಿಯುತ್ತಿದ್ದರು.

ಇಷ್ಟಾದರೂ ಸಮೀಪದ್ದು ಕಾಣುವುದಿಲ್ಲ ಎಂದು ಅತ್ತೆ ಯಾರ ಮುಂದೂ ಹೇಳಿರಲಿಲ್ಲ. ಹೇಳದಿರಲು ಕಾರಣ ಆಯಿ. ಆಯಿ ಅಂದರೆ ಅತ್ತೆಯ ಅತ್ತೆ, ಮಾವನವರ ತಾಯಿ. ಎದುರಿಗೆ ರೀ ಹಚ್ಚಿದರೂ ಅವಳ ಮಾತು ಬಂದಾಗ ಮನೆಯಲ್ಲಿ ಎಲ್ಲರೂ ಏಕವಚನದಲ್ಲಿಯೇ ಅನ್ನುತ್ತಿದ್ದೆವು, ದೇವರಿಗೆ ಅಂದ ಹಾಗೆ. ಎಪ್ಪತ್ತೈದು ದಾಟಿದ್ದಳು, ಬಾಯಲ್ಲಿ ಒಂದು ಹಲ್ಲಿರಲಿಲ್ಲ, ಆದರೆ ಪಡಸಾಲೆಯಲ್ಲಿ ಕೂತು ಬರಿಗಣ್ಣಿನಿಂದ ಸೂಜಿ ಪೋಣಿಸುತ್ತಿದ್ದಳು. ನಡುವೆ ಬಹಳ ವರ್ಷ ಅವಳಿಗೂ ಸಮೀಪದ್ದು ಕಾಣುತ್ತಿರಲಿಲ್ಲವಂತೆ, ಎಪ್ಪತ್ತಾದ ಮೇಲೆ ತಾನಾಗಿಯೇ ತಿರುಗಿ ಬಂತಂತೆ. ಶ್ರಾವಣ ಸೋಮವಾರದ ಉಪವಾಸ ಒಂದನ್ನೂ ಬಿಡದ ಪುಣ್ಯ ಅದು ಎಂದು ಆಯಿ ಬಂದವರಿಗೆಲ್ಲ ಹೇಳುವಳು. ಹೇಳಿ ಸುಮ್ಮನಾಗುವಳೇ? ಈಗಿನವರಿಗೆ ಐವತ್ತಕ್ಕೇ ಎಲ್ಲ ಮುಗಿಯುತ್ತದೆ, ವ್ರತವಿಲ್ಲ ನಿಯಮವಿಲ್ಲ ಎಂದು ಒಗ್ಗರಣೆ ಹಾಕುವಳು. ಅದು ಅತ್ತೆಗೆ ಚುಚ್ಚುತ್ತಿತ್ತು. ಸೋಮವಾರ ಅತ್ತೆಯೂ ಬಿಟ್ಟವರಲ್ಲ.

ಇದರ ಮೇಲೆ ಅತ್ತೆಗೆ ಕೌದಿ ಹೊಲಿಯುವ ಹುಚ್ಚು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ಹೊಲಿಗೆ ಹಾಕುವ ಕೆಲಸ. ಹೊಲಿಯುವುದು ಕೈ ರೂಢಿಯಿಂದ ಆದೀತು, ಸೂಜಿಗೆ ದಾರ ಯಾರು ಹಾಕಬೇಕು? ನೆರೆಮನೆಯ ಹುಡುಗಿಯರನ್ನು ಕರೆದರೆ ಸಂಜೆಗೆ ಆಯಿಯ ಕಿವಿಗೆ ಬೀಳುತ್ತದೆ. ಅತ್ತೆ ಇದಕ್ಕೆ ಒಂದು ದಾರಿ ಹುಡುಕಿದ್ದರು. ಅದನ್ನು ನೆನೆದರೆ ಇವತ್ತಿಗೂ ನನಗೆ ನಗು ತಡೆಯುವುದಿಲ್ಲ.

ಮಗನಿಗೆ ಕನ್ಯಾ ನೋಡುವ ಕಾಲ ಬಂದಿತ್ತು. ಅತ್ತೆ ಇಪ್ಪತ್ತೊಂದು ಸೂಜಿ ಚುಚ್ಚಿದ ಬಟ್ಟೆಯ ಸುರುಳಿಯೊಂದನ್ನೂ ದಾರದ ಉಂಡೆಯೊಂದನ್ನೂ ಗಂಟಿನಲ್ಲಿ ಕಟ್ಟಿಕೊಂಡು ಹೊರಡುತ್ತಿದ್ದರು. ಹುಡುಗಿಯನ್ನು ಕರೆದು ಕೂರಿಸಿದ ಮೇಲೆ ಹೆಸರು ಕೇಳುವುದು, ನಡೆಸಿ ನೋಡುವುದು ಎಲ್ಲ ಬೇಗ ಮುಗಿಸಿ ಸುರುಳಿ ಬಿಚ್ಚುವರು. ಇದು ನಮ್ಮ ಮನೆತನದ ಪದ್ಧತಿ, ಕನ್ಯೆಯಾದವಳು ಇಪ್ಪತ್ತೊಂದು ಸೂಜಿ ಪೋಣಿಸಬೇಕು, ಒಂದೊಂದಕ್ಕೂ ಎರಡು ಮಾರು ದಾರ ಬಿಡಬೇಕು ಎನ್ನುವರು. ಪಾಪದ ಹುಡುಗಿ ಪೋಣಿಸುವಳು. ಅತ್ತೆ ಮೆಚ್ಚಿ ಉಡಿ ತುಂಬಿ, ತುಂಬಿದ ಸುರುಳಿಯೊಂದಿಗೆ ಊರಿಗೆ ಬಂದು ಹದಿನೈದು ದಿನ ನಿಶ್ಚಿಂತೆಯಿಂದ ಕೌದಿ ಹೊಲಿಯುವರು. ದಾರ ತೀರಿದ ಕೂಡಲೇ ಆ ಕನ್ಯಾ ಮನಸ್ಸಿಗೆ ಬಂದಿಲ್ಲ ಎಂದು ಹೇಳಿ ಕಳಿಸಿ ಇನ್ನೊಂದೂರಿಗೆ ಹೊರಡುವರು. ಹೀಗೆ ಹನ್ನೊಂದು ಕನ್ಯೆಯರಾದರು. ಕಣ್ಣು ಕೈ ಚುರುಕಿದೆಯೋ ಇಲ್ಲವೋ ಎಂದು ಸೂಜಿಯಲ್ಲಿ ಪರೀಕ್ಷೆ ಮಾಡುವ ಜಾಣೆ ಎಂದು ಸುತ್ತಲಿನ ಊರುಗಳಲ್ಲಿ ಅತ್ತೆಯ ಕೀರ್ತಿ ಹಬ್ಬಿತು. ತಮ್ಮ ಮಕ್ಕಳಿಗೆ ಕನ್ಯಾ ನೋಡಿ ಕೊಡಿರೆಂದು ಬೇರೆಯವರೂ ಕರೆಯತೊಡಗಿದರು.

ಹನ್ನೆರಡನೆಯವಳು ನಾನು. ನಮ್ಮ ತವರು ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲಿನ ಹಳಿಗೆ ಹತ್ತಿರ. ಅಪ್ಪ ಕಾರಕೂನಕಿ ಮಾಡುತ್ತಿದ್ದರು, ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೆ. ಓದಲು ಬಲು ಹುಷಾರು ಎಂದು ಹೆಸರಿತ್ತು. ಆದರೆ ನನ್ನ ಕಣ್ಣಿನ ಕಥೆ ಅತ್ತೆಯದಕ್ಕೆ ತೀರ ಉಲ್ಟಾ. ಮೂಗಿನ ಹತ್ತಿರ ಹಿಡಿದರೆ ಇರುವೆಯ ಕಾಲು ಎಣಿಸುತ್ತಿದ್ದೆ, ಹತ್ತು ಹೆಜ್ಜೆ ಆಚೆ ನಿಂತದ್ದು ಅಪ್ಪನೋ ಕಂಬವೋ ಹೇಳಲಾರೆ. ಸಾಲೆಯಲ್ಲಿ ಫಳಿಯ ಮೇಲೆ ಮಾಸ್ತರರು ಬರೆದದ್ದು ಕಾಣದೆ, ಪಕ್ಕದವಳ ಪಾಟಿ ನೋಡಿ ಬರೆದುಕೊಳ್ಳುತ್ತಿದ್ದೆ. ಅವ್ವನಿಗೆ ಇದು ಗೊತ್ತಿತ್ತು. ಚಾಳೀಸು ಹಾಕಿದ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ಬಾಯಿ ಮುಚ್ಚಿಕೊಂಡಿರು ಎಂದು ಹೇಳಿದ್ದಳು. ನಾನು ಮುಚ್ಚಿಕೊಂಡಿದ್ದೆ.

ಅತ್ತೆ ಬಂದು ಸುರುಳಿ ಬಿಚ್ಚಿದಾಗ ನನಗೆ ಹಬ್ಬವಾಯಿತು. ಇಪ್ಪತ್ತೊಂದು ಸೂಜಿಯನ್ನೂ ಮೂಗಿಗೆ ಹಿಡಿದು, ಅವರು ಚಹ ಕುಡಿದು ಬಟ್ಟಲು ಕೆಳಗಿಡುವಷ್ಟರಲ್ಲಿ ಪೋಣಿಸಿ ಮುಂದಿಟ್ಟೆ. ಅತ್ತೆ ಬೆರಗಾದರು. ಇಂಥ ಕೈ ಮನೆಯಲ್ಲೇ ಇದ್ದರೆ ಇನ್ನು ಊರೂರು ಅಲೆಯುವ ಗೊಡವೆ ಯಾಕೆ ಎಂದು ಅವರ ಮನಸ್ಸಿಗೆ ಬಂದಿರಬೇಕು. ಅಲ್ಲಿಯೇ ಕುಂಕುಮ ಹಚ್ಚಿದರು. ಇಡೀ ಸೀಮೆಯಲ್ಲಿ ಹುಡುಗಿಯರ ಕಣ್ಣು ನೋಡುವ ಜಾಣೆ ನಮ್ಮ ಅತ್ತೆ, ತಮ್ಮ ಮಗನಿಗೆ ಮಾತ್ರ ಹತ್ತು ಹೆಜ್ಜೆ ಆಚೆ ಕಾಣದವಳನ್ನು ಆರಿಸಿಕೊಂಡರು.

ಮದುವೆಯಾಗಿ ಬಂದ ಮೇಲೆ ನನ್ನ ಪಾಡು ಕೇಳಬೇಡಿ. ಹಿರಿಯರು ಎದುರಾದರೆ ಸೊಸೆಯಾದವಳು ತಲೆ ತುಂಬ ಸೆರಗು ಹೊದ್ದು ಬದಿಗೆ ಸರಿದು ನಿಲ್ಲಬೇಕು. ಎದುರಿಗೆ ಬರುವವರು ಹಿರಿಯರೋ ಕಿರಿಯರೋ ನನಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನಾನು ಎಲ್ಲರಿಗೂ ಸೆರಗು ಹೊದೆಯತೊಡಗಿದೆ. ಕುಂಬಾರನಿಗೆ ಹೊದ್ದೆ, ಕತ್ತೆ ಕಾಯುವವನಿಗೆ ಹೊದ್ದೆ. ಒಂದು ದಿನ ಬಾವಿಯಿಂದ ಬರುವಾಗ ಕರ್ರಗಿನ ಆಕಾರವೊಂದು ನಿಧಾನವಾಗಿ ಬಂದದ್ದು ಕಂಡು, ಕೊಡ ಇಳಿಸಿ ಗೋಡೆಗೆ ಒತ್ತಿ ನಿಂತೆ. ಹತ್ತಿರ ಬಂದಾಗ ಅದು ಗೌಡರ ಎಮ್ಮೆ. ಊರಿನವರೇನೂ ನಗಲಿಲ್ಲ ಮತ್ತೆ. ಪ್ರಾಣಿಗೂ ಮರ್ಯಾದೆ ಕೊಡುವ ಸೊಸೆ ಎಂದು ನಮ್ಮ ಓಣಿಯ ಅತ್ತೆಯರೆಲ್ಲ ತಮ್ಮ ಸೊಸೆಯಂದಿರಿಗೆ ನನ್ನನ್ನು ತೋರಿಸಿ ಬೈಯುತ್ತಿದ್ದರು. ಆ ಹುಡುಗಿಯರು ನನ್ನ ಮೇಲೆ ಹಲ್ಲು ಕಡಿಯುತ್ತಿದ್ದರು.

ಅತ್ತೆಯ ಗುಟ್ಟು ನನಗೆ ತಿಳಿದದ್ದು ಎರಡನೆಯ ತಿಂಗಳಲ್ಲಿ. ಟಿಕೋಟಾದಲ್ಲಿ ಒಬ್ಬ ನೆಂಟರ ಹುಡುಗನಿಗೆ ಕನ್ಯಾ ನೋಡಬೇಕು, ನಾಳೆ ಹೊರಡುತ್ತೇನೆ ಎಂದು ಅತ್ತೆ ಗಂಟು ಕಟ್ಟುತ್ತಿದ್ದರು. ಹುಡುಗನಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಒಂಬತ್ತು ಎಂದರು. ನಾನು ಅವರ ಮುಖ ನೋಡಿದೆ. ಅವರು ಸೂಜಿಯ ಸುರುಳಿಯನ್ನು ಸೆರಗಿನಡಿ ಎಳೆದುಕೊಂಡರು. ಅವತ್ತು ಸಂಜೆ ಅವರು ದೇವರ ಮುಂದೆ ದೀಪ ಹಚ್ಚಲು ಹೋದಾಗ ಸುರುಳಿ ಬಿಚ್ಚಿ ನೋಡಿದರೆ ಇಪ್ಪತ್ತೊಂದೂ ಸೂಜಿ ಬರಿದು. ಎಲ್ಲಕ್ಕೂ ದಾರ ಹಾಕಿ, ಇದ್ದಲ್ಲೇ ಇಟ್ಟು ಬಂದೆ. ಮರುದಿನ ಅಮಾವಾಸ್ಯೆ ಹತ್ತಿರ ಬಂತು, ಹೋಗುವುದು ಬೇಡ ಎಂದು ಅತ್ತೆ ಪ್ರಯಾಣ ನಿಲ್ಲಿಸಿದರು. ಆಮೇಲೆ ಸುರುಳಿ ಬರಿದಾದಾಗಲೆಲ್ಲ ನಾನು ತುಂಬಿಡುತ್ತಿದ್ದೆ, ಈ ಬಗ್ಗೆ ಒಂದು ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ.

ಆ ದಿನಗಳಿಂದಲೇ ಅತ್ತೆಗೆ ಒಂದು ಹೊಸ ಚಾಳಿ ಹತ್ತಿತು. ನಾನು ಅಂಗಳದಲ್ಲೋ ಬಾವಿಯ ದಾರಿಯಲ್ಲೋ ಇದ್ದಾಗ ಮಾಳಿಗೆಯ ಮೇಲಿನಿಂದ ಕೂಗುವರು. ನಿಮ್ಮ ಮಾವ ಬರಾಕತ್ತಾರ, ಕಾಲಿಗೆ ನೀರಿಡು. ಗೌಡರ ಮುದುಕಪ್ಪ ಹೊಂಟಾನ, ಬದಿಗೆ ಸರಿ. ಬರಾವ ಕುರುಬರ ಹುಡುಗ, ನಿನ್ನ ದಾರಿ ನೀ ಹಿಡಿ. ಏನು ದೊಡ್ಡ ಬಾಯಿ ಈ ಹೆಂಗಸಿನದು ಎಂದು ನಾನು ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ. ಆ ಎಮ್ಮೆಗೆ ನಾನು ಸೆರಗು ಹೊದ್ದದ್ದನ್ನು ಅವರು ಮಾಳಿಗೆಯಿಂದ ಕಂಡಿದ್ದರೆಂದು, ಕಂಡ ದಿನವೇ ಎಲ್ಲ ತಿಳಿದುಕೊಂಡಿದ್ದರೆಂದು ನನಗೆ ಹೊಳೆಯಲೇ ಇಲ್ಲ. ನನಗೆ ಆಗ ಬುದ್ಧಿಯೂ ಹತ್ತೇ ಹೆಜ್ಜೆ.

ಒಂದು ವರ್ಷ ಹೀಗೆ ನಡೆಯಿತು. ಒಂದು ದಿನ ಅತ್ತೆ ಯಾವುದೋ ಕೂಸಿನ ತೊಟ್ಟಿಲಿಗೆಂದು ಜೈನಾಪುರಕ್ಕೆ ಹೋಗಿದ್ದರು. ನಾನು ಬಾಗಿಲಲ್ಲಿ ಕೂತು ಜೋಳ ಕೇರುತ್ತಿದ್ದೆ. ಹೆಗಲ ಮೇಲೆ ಕಂಬಳಿ ಹಾಕಿದ ಒಬ್ಬರು ಬಂದು ಅಂಗಳದಲ್ಲಿ ನಿಂತರು. ದಿನಾ ಅದೇ ಹೊತ್ತಿಗೆ ಕುರಿ ಕಾಯುವವನೊಬ್ಬ ಮಜ್ಜಿಗೆ ಕೇಳಿಕೊಂಡು ಬರುತ್ತಿದ್ದ. ಅವನೇ ಎಂದು ತಿಳಿದು, ಸೆರಗೂ ಹೊದೆಯದೆ, ತಲೆಯನ್ನೂ ಎತ್ತದೆ ಹೇಳಿದೆ.

“ಮಜ್ಜಿಗಿ ತೀರೇತಿ. ಮುಂದಿನ ಮನಿಗೆ ಹೋಗಪಾ.”

ಅವರು ಒಂದು ಗಳಿಗೆ ನಿಂತು, ತಿರುಗಿ ಹೋದರು. ಹೋಗಿ ಹನುಮಂತ ದೇವರ ಕಟ್ಟೆಯ ಮೇಲೆ ಕೂತರು. ಅವರು ಆಯಿಯ ತಮ್ಮ, ಟಿಕೋಟಾದ ದೊಡ್ಡ ಮನುಷ್ಯರು, ಅಕ್ಕನನ್ನು ನೋಡಲೆಂದು ನಡೆದು ಬಂದಿದ್ದರು. ಸ್ವಂತ ಅಕ್ಕನ ಮನೆಯಲ್ಲೇ ನನಗೆ ಮುಂದೆ ಹೋಗೆಂದರು ಎಂದು ಅವರು ಕಟ್ಟೆಯ ಮೇಲೆ ಹೇಳಿದ್ದು ಗಾಳಿಯ ವೇಗದಲ್ಲಿ ಆಯಿಗೆ ಮುಟ್ಟಿತು.

ಆಯಿ ಕೂಗಾಡಲಿಲ್ಲ, ಅದೇ ಹೆದರಿಕೆ. ತಮ್ಮನನ್ನು ಕರೆಸಿದಳು, ಹೊಲದಿಂದ ಮಾವನನ್ನೂ ನಮ್ಮ ಯಜಮಾನರನ್ನೂ ಕರೆಸಿದಳು. ಎಲ್ಲರನ್ನೂ ಮಾಳಿಗೆ ಹತ್ತಿಸಿ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು.

“ಸೊಕ್ಕ ಇದ್ರ ತಿದ್ದೂಣು. ಕಣ್ಣ ಇಲ್ಲಂದ್ರ ಮೋಸ ಮಾಡಿ ಕೊಟ್ಟಾರ, ತವರಿಗೆ ಕಳಸೂಣು. ಆ ದಾರಿ ಮ್ಯಾಲಿನ ಬೇವಿನ ಗಿಡದ ಕೆಳಗ ಏನೈತಿ, ಹೇಳು.”

ನನಗೆ ಗಿಡವೇ ಕಾಣಲಿಲ್ಲ. ಏನಾದರೊಂದು ಹೇಳಿಬಿಡಲೇ, ಆಕಳು ಎನ್ನಲೇ, ಬಂಡಿ ಎನ್ನಲೇ? ತಪ್ಪಿದರೆ ಸುಳ್ಳುಗಾತಿ, ಸುಮ್ಮನಿದ್ದರೆ ಕುರುಡಿ. ಅವ್ವನ ಮುಖ ಕಣ್ಣ ಮುಂದೆ ಬಂತು. ತವರಿಗೆ ತಿರುಗಿ ಬಂದ ಹುಡುಗಿಯ ಬಾಳು ಆ ಕಾಲದಲ್ಲಿ ಎಂಥದ್ದೆಂದು ನನಗೆ ಗೊತ್ತಿತ್ತು, ನಮ್ಮ ಓಣಿಯಲ್ಲೇ ಅಂಥವಳೊಬ್ಬಳಿದ್ದಳು. ನಮ್ಮ ಯಜಮಾನರು ಒಮ್ಮೆ ಕೆಮ್ಮಿದರು, ಅದಕ್ಕಿಂತ ಹೆಚ್ಚು ಅವರಿಂದ ಆಗಲಿಲ್ಲ. ಅಷ್ಟರಲ್ಲಿ ಅತ್ತೆ ಜೈನಾಪುರದಿಂದ ಬಂದವರು, ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ಮಾಳಿಗೆ ಹತ್ತಿದರು. ನಮ್ಮೆಲ್ಲರ ಮುಖ ನೋಡಿದರು. ಕಟ್ಟೆಯ ಮುಂದೆ ಹಾದು ಬರುವಾಗಲೇ ಮಜ್ಜಿಗೆಯ ಸುದ್ದಿ ಕೇಳಿದ್ದರು, ಯಾರೂ ಏನನ್ನೂ ಹೇಳಬೇಕಾಗಲಿಲ್ಲ.

“ಆಕೀನ್ನ ಕೇಳಬ್ಯಾಡ್ರಿ, ನನ್ನ ಕೇಳ್ರಿ,” ಎಂದರು. “ಆರು ವರ್ಷಾತು, ನನಗ ಸೂಜಿ ಕಣ್ಣ ಕಾಣಂಗಿಲ್ಲ. ಇಪ್ಪತ್ತೊಂದು ಸೂಜಿ ನಮ್ಮ ಮನಿ ಪದ್ಧತಿ ಅಂತ ಊರೂರು ಸುಳ್ಳ ಹೇಳೇನಿ. ಹನ್ನೊಂದು ಮಂದಿ ಹೆಣ್ಣಮಕ್ಕಳ ಕೈಲೆ ಚಾಕರಿ ಮಾಡಿಸಿಕೊಂಡೇನಿ. ನನಗ ಸಮೀಪದ್ದು ಕಾಣತಿದ್ದಿಲ್ಲ, ಅದಕ್ಕ ಸಮೀಪದ್ದು ಕಂಡ್ರ ಸಾಕು, ಕಣ್ಣಂದ್ರ ಅಷ್ಟ ಅಂತ ತಿಳದೆ. ದೂರದ್ದು ಕೇಳಬೇಕಂತ ನನಗ ಹೊಳೀಲಿಲ್ಲ. ತಪ್ಪು ಕನ್ಯಾ ತೋರಿಸಿದಾಕೀದಲ್ಲ, ನೋಡಿದಾಕೀದು. ಯಾರರ ಒಬ್ಬರು ತವ್ರಿಗೆ ಹೋಗಬೇಕಂದ್ರ ನಾ ಹೋಗ್ತೇನಿ. ಬಿಜ್ಜರಗಿಗೆ ಗಾಡಿ ಕಟ್ರಿ.”

ಆರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತನ್ನು ಯಾರ ಮುಂದೆ ಹೇಳಬಾರದಿತ್ತೋ ಅವಳ ಮುಂದೆಯೇ ಹೇಳಿದ್ದರು. ಮಾವ ಇಳಿದು ಹೋದರು. ಕೆಳಗೆ ಎತ್ತಿನ ಕೊರಳ ಗಂಟೆ ಕೇಳಿಸಿತು, ನಿಜವಾಗಿಯೇ ಗಾಡಿ ಕಟ್ಟುತ್ತಿದ್ದರು. ಅತ್ತೆಯೂ ಹಟದವರು, ಇಳಿದು ಹೋಗಿ ಎರಡು ಸೀರೆ, ಅರ್ಧ ಹೊಲಿದ ಕೌದಿ ಗಂಟು ಕಟ್ಟಿದರು. ನಾನು ಅವರ ಕಾಲು ಹಿಡಿದು ಅತ್ತುಬಿಟ್ಟೆ. ನನ್ನ ಸಲುವಾಗಿ ಹೀಗೆ ಎದ್ದು ನಿಂತವರು ಅದಕ್ಕೂ ಮೊದಲು ಯಾರೂ ಇರಲಿಲ್ಲ, ನನ್ನ ಹೆತ್ತ ಅವ್ವ ಕೂಡ ಮುಚ್ಚಿಡು ಎಂದಿದ್ದಳೇ ಹೊರತು ಎದ್ದು ನಿಂತಿರಲಿಲ್ಲ. ಹೊರಗಿನಿಂದ ಮಾವ ಕೂಗಿದರು.

“ಬಿಜ್ಜರಗಿ ಅಲ್ಲ, ವಿಜಾಪುರಕ್ಕ. ಡಾಕ್ಟರಗ ತೋರಸೂಣು. ಇಬ್ಬರೂ ಹತ್ರಿ.”

ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಟಿಕೋಟಾದ ಹಿರಿಯರು ಗೊಳ್ಳನೆ ನಕ್ಕು, ಈಗಲಾದರೂ ಮಜ್ಜಿಗೆ ಸಿಗುತ್ತದೇನು ಎಂದು ಕೇಳಿದರು. ಅವರ ಸಿಟ್ಟು ಅಲ್ಲಿಗೆ ಇಳಿಯಿತು, ಆಯಿಯದು ಇಳಿಯಲಿಲ್ಲ. ಸಮೀಪದ್ದು ಕಾಣದವಳಿಗೆ ಚಾಳೀಸು ತನ್ನಿ, ವಯಸ್ಸಾಗಿದೆ; ಹುಡುಗಿಗೆ ಚಾಳೀಸು ಹಾಕಿ ಊರ ಅಗಸೆ ಬಾಗಿಲು ದಾಟಿಸಿ ಕರೆತಂದರೆ ನಾನು ಮನೆಯೊಳಗೆ ಬಿಡುವವಳಲ್ಲ ಎಂದಳು. ಎಂದವಳೇ ತಾನೂ ಗಾಡಿ ಹತ್ತಿದಳು. ಕಣ್ಣು ಹೇಗಿರಬೇಕೆಂದು ಡಾಕ್ಟರನಿಗೆ ತನ್ನ ಕಣ್ಣು ತೋರಿಸಿ ಬರುತ್ತಾಳಂತೆ.

ಇಬ್ರಾಹಿಂಪುರದಲ್ಲಿ ನಮ್ಮ ಮನೆಯ ಮುಂದೆ ಗಾಡಿ ನಿಂತಾಗ ಅವ್ವ ಬಾಗಿಲಿಗೆ ಬಂದವಳು ನನ್ನನ್ನು ಕಂಡು ಅಲ್ಲಿಯೇ ಕುಸಿದು ಕೂತಳು. ಮಗಳನ್ನು ಬಿಡಲು ಬಂದಿದ್ದಾರೆಂದೇ ತಿಳಿದಿದ್ದಳು. ಅತ್ತೆ ಗಾಡಿಯಿಂದಲೇ, ಬೀಗತಿ, ನೀರು ಕಾಸಿರಿ, ನಾಲ್ಕು ದಿನ ಇರುತ್ತೇವೆ, ಹುಡುಗಿಯನ್ನು ಕರೆದುಕೊಂಡೇ ಹೋಗುತ್ತೇವೆ ಎಂದರು. ಅವ್ವ ಅಳುತ್ತಲೇ ಒಲೆ ಹೊತ್ತಿಸಿದಳು.

ಕಣ್ಣಿನ ಡಾಕ್ಟರರು ತಾಳ್ಮೆಯ ಮನುಷ್ಯರು. ಓದು ಬಾರದವರಿಗೆಂದು ಗೋಡೆಯ ಮೇಲೆ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳನ್ನು ತೂಗುಹಾಕಿದ್ದರು. ಹಲ್ಲು ಯಾವ ಕಡೆಗಿವೆ ಎಂದು ಬೆರಳಿನಿಂದ ತೋರಿಸಬೇಕು. ಅತ್ತೆ ಕೊನೆಯ ಸಾಲಿನವರೆಗೂ ತೋರಿಸಿ, ಗೋಡೆಯ ಮೇಲೆ ಕೂತ ಹಲ್ಲಿಯ ಬಾಲ ಮೋಟಾಗಿದೆ ಎಂದೂ ಹೇಳಿದರು. ಕೈಯಲ್ಲಿ ಪುಸ್ತಕ ಕೊಟ್ಟಾಗ ತೋಳು ಸಾಲಲಿಲ್ಲ. ಕಣ್ಣಿನೊಳಗೆ ಒಂದು ಸಣ್ಣ ಬಿಲ್ಲೆ ಇರುತ್ತದೆ, ಎಳೆಯದಿದ್ದಾಗ ಅದು ಸಮೀಪದ್ದಕ್ಕೆ ಉಬ್ಬುತ್ತದೆ, ದೂರದ್ದಕ್ಕೆ ಚಪ್ಪಟೆಯಾಗುತ್ತದೆ, ವಯಸ್ಸಾದಂತೆ ಗಡಸಾಗಿ ಉಬ್ಬುವುದನ್ನು ಬಿಡುತ್ತದೆ ಎಂದು ಅವರು ತಿಳಿಸಿ ಹೇಳಿದರು. ನಲವತ್ತರ ಆಚೆ ರಾಜನಿಗೂ ಬಿಟ್ಟದ್ದಲ್ಲ, ಇದರಲ್ಲಿ ಪಾಪ ಪುಣ್ಯ ಏನೂ ಇಲ್ಲ. ಅತ್ತೆ ಆಯಿಯ ಕಡೆ ತಿರುಗಿ, “ಕೇಳಿದ್ರೇನ್ರಿ?” ಎಂದರು.

ಅರವತ್ತರವರೆಗೆ ಇದು ಸ್ವಲ್ಪ ಸ್ವಲ್ಪ ಹೆಚ್ಚುತ್ತಲೇ ಇರುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಗಾಜು ಬದಲಿಸಬೇಕು ಎಂದೂ ಡಾಕ್ಟರರು ಹೇಳಿದ್ದರು. ಆ ಮಾತನ್ನು ಅತ್ತೆ ನಂಬಲಿಲ್ಲ. ಮೂರು ವರ್ಷದ ನಂತರ ಕೌದಿ ಮತ್ತೆ ದೂರ ದೂರ ಸರಿಯತೊಡಗಿದಾಗ, ಅಂಗಡಿಯವನು ಹಳಸುವ ಗಾಜು ಕೊಟ್ಟಿದ್ದಾನೆ ಎಂದು ವಿಜಾಪುರದವರೆಗೆ ಹೋಗಿ ಜಗಳವಾಡಿ ಬಂದರು. ಸ್ವಾತಂತ್ರ್ಯ ಬಂದ ವರ್ಷ ಮತ್ತೊಮ್ಮೆ ಬದಲಿಸಿದರು, ಇಂಗ್ರೇಜರು ಹೋದ ಮೇಲೂ ಗಾಜು ಸುಧಾರಿಸಲಿಲ್ಲ ಎಂದು ಅವರ ದೂರು. ಅತ್ತೆಯ ಮುಂದೆ ಡಾಕ್ಟರರ ಶಾಸ್ತ್ರ ಯಾವತ್ತೂ ನಡೆಯಲಿಲ್ಲ.

ಅವತ್ತು ನನ್ನ ಸರದಿ ಬಂದಾಗ ಡಾಕ್ಟರರಿಗೇ ಆಶ್ಚರ್ಯ. ಇಷ್ಟು ದಿನ ಹೇಗೆ ಬದುಕಿದೆಯಮ್ಮ ಎಂದರು. ನನ್ನ ಕಣ್ಣುಗುಡ್ಡೆ ಕೊಂಚ ಉದ್ದವಂತೆ, ಅದಕ್ಕೆ ದೂರದ್ದು ಮಸುಕು. ದಿನವಿಡೀ ಚಾಳೀಸು ಹಾಕಬೇಕು, ಆದರೆ ಅತ್ತೆಯ ವಯಸ್ಸಿಗೆ ಬಂದಾಗ ಓದಲು ಅದನ್ನು ತೆಗೆದಿಟ್ಟರೆ ಸಾಕು ಎಂದರು. ಹದಿನೆಂಟರ ಹುಡುಗಿಗೆ ಐವತ್ತರ ಆಸೆ ತೋರಿಸಿದರೆ ಏನು ಸುಖ? ಆಗ ನನಗೆ ಅಳು ಬಂತು. ಈಗ ಓದುವಾಗ ಅವರ ನೆನಪಾಗುತ್ತದೆ.

ಕೊನೆಗೆ ಆಯಿ ಜಂಬದಿಂದ ಕುರ್ಚಿ ಹತ್ತಿದಳು. ಡಾಕ್ಟರರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ದೂರದ್ದು ಮಬ್ಬು ಕಾಣುತ್ತದಲ್ಲವೇ ಎಂದು ಮೆಲ್ಲಗೆ ಕೇಳಿದರು. ಆಯಿ ಸೆರಗು ಸರಿಮಾಡಿಕೊಂಡಳು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ, ಕೂಡುತ್ತಿದೆ, ಅದರಿಂದಲೇ ಬಿಲ್ಲೆ ದಪ್ಪನಾಗಿ ಕೆಲವು ದಿನ ಸಮೀಪದ್ದು ತಿರುಗಿ ಬಂದ ಹಾಗೆ ಕಾಣುತ್ತದೆ, ಉಪವಾಸದಿಂದಲ್ಲ, ಮುಂದೆ ಕತ್ತರಿಸಿ ತೆಗೆಸಬೇಕಾದೀತು ಎಂದರು. ಹೊರಗೆ ಬಂದ ಮೇಲೆ ಅತ್ತೆ ತಡೆಯಲಾರದೆ ಕೇಳಿದರು.

“ಅತ್ತೀರಿ, ಅವತ್ತ ಬೇವಿನ ಗಿಡದ ಕೆಳಗ ಏನಿತ್ತರಿ?”

“ನನಗೇನ ಗೊತ್ತು,” ಎಂದಳು ಆಯಿ. “ಗೊತ್ತಿದ್ರ ಆಕೀನ್ನ ಯಾಕ ಕೇಳತಿದ್ನಿ?”

ಅತ್ತೆ ಗೋಡೆ ಹಿಡಿದುಕೊಂಡು ನಕ್ಕರು. ಆಯಿ ಮಾತ್ರ ನಗಲಿಲ್ಲ, ತನ್ನ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ದಿನ ಚಾಳೀಸು ಬಂದವು. ಹಾಕಿಕೊಂಡು ಮನೆಯ ಹೊರಗೆ ಬಂದೆ. ಗೋಳಗುಮ್ಮಟವನ್ನು ಹುಟ್ಟಿದಾಗಿನಿಂದ ಕಂಡವಳು ನಾನು, ಅದರ ಮೂಲೆಯ ಮಿನಾರುಗಳಿಗೆ ಸಾಲುಸಾಲು ಕಿಟಕಿಗಳಿವೆ ಎಂದು ಅವತ್ತೇ ತಿಳಿದದ್ದು. ಅವ್ವನ ಕಡೆ ತಿರುಗಿದರೆ ಅವಳ ತಲೆಯಲ್ಲಿ ಬಿಳಿಗೂದಲು ಬಂದಿತ್ತು, ಅದೂ ದೂರದಿಂದಲೇ ಕಂಡಿತು.

ತಿರುಗಿ ಬರುವಾಗ ಊರು ಹತ್ತಿರವಾದಂತೆ ನನ್ನ ಧೈರ್ಯ ಕರಗಿತು. ಯಾರೂ ಹೇಳದಿದ್ದರೂ ಚಾಳೀಸು ತೆಗೆದು ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿಕೊಂಡೆ. ಅಗಸೆಯ ಹತ್ತಿರ ಅತ್ತೆ ಗಾಡಿ ನಿಲ್ಲಿಸಿ ಎಂದರು, ಇಳಿದು ನನ್ನನ್ನೂ ಇಳಿಸಿದರು. ಮಾವ ಆಯಿಯನ್ನು ಕೂರಿಸಿಕೊಂಡು ಮುಂದೆ ಹೋದರು. ಮುಚ್ಚಿದ ಗಾಡಿಯಲ್ಲಿ ಹೋದರೆ ನಾಳೆಯಿಂದ ಒಬ್ಬೊಬ್ಬರೇ ನೋಡಲು ಬರುತ್ತಾರೆ, ಇವತ್ತೇ ಎಲ್ಲರೂ ಒಮ್ಮೆಲೇ ನೋಡಿ ಮುಗಿಸಲಿ ಎಂದು ಅತ್ತೆಯ ಲೆಕ್ಕ.

“ತಗಿ, ಹಾಕ್ಕೊ,” ಎಂದರು. ಹಾಕಿಕೊಂಡೆ. ಆಮೇಲೆ ಅವರು ತಮ್ಮ ಚಾಳೀಸನ್ನೂ ಬಿಚ್ಚಿ ಮೂಗಿಗೇರಿಸಿದರು.

ಅದು ಸೂಜಿಗೆ, ಓದಿಗೆ ಮಾತ್ರ, ನಡೆಯುವಾಗ ಹಾಕಬೇಡಿ, ಎಲ್ಲ ಮಸುಕಾಗಿ ನೆಲ ಎದ್ದು ಬಂದ ಹಾಗೆ ಕಾಣುತ್ತದೆ ಎಂದು ಡಾಕ್ಟರರು ಎರಡೆರಡು ಸಲ ಹೇಳಿದ್ದರು. ನಾನು ಅದನ್ನೇ ಹೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡು ನಡೆ ಎಂದರು.

ಊರ ನಡುವಿನ ಬೀದಿಯಲ್ಲಿ ನಡೆದೆವು. ಅತ್ತೆ ಇಲ್ಲದ ಕಲ್ಲು ದಾಟುವವರಂತೆ ಕಾಲನ್ನು ಎತ್ತೆತ್ತಿ ಇಡುತ್ತಿದ್ದರು. ಕಟ್ಟೆಯ ಮೇಲಿನವರೆಲ್ಲ ಅವರನ್ನೇ ನೋಡಿದರು, ಅವರನ್ನು ನೋಡಿ ನಕ್ಕರು, ನನ್ನ ಕಡೆ ಕಣ್ಣು ಹಾಯಿಸುವುದಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ. ಯಾರ್ಯಾರು ಕೂತಿದ್ದಾರೆ ಹೇಳು ಎಂದು ಅತ್ತೆ ಪಿಸುಗುಟ್ಟಿದರು. ಊರಿನ ಮುಖಗಳನ್ನು ಅವತ್ತು ನಾನು ಮೊದಲ ಸಲ ದೂರದಿಂದ ಕಾಣುತ್ತಿದ್ದೆ. ಒಂದೊಂದಾಗಿ ಹೇಳುತ್ತ ಹೋದೆ. ನಾನು ಹೇಳಿದ ಕಡೆಗೆ ತಿರುಗಿ ಅವರು ಗತ್ತಿನಿಂದ ತಲೆಯಾಡಿಸುತ್ತ ಬಂದರು. ಕಟ್ಟೆಯಿಂದ ಗೌಡರು, ಏನಿದು ಇಬ್ಬರಿಗೂ ಎಂದು ಕೇಳಿದರು.

“ನನಗ ವಯಸ್ಸ ಬಂದು ಬಂತ್ರಿ,” ಎಂದರು ಅತ್ತೆ. “ಈಕಿಗೆ ವಿದ್ಯಾ ಬಂದು ಬಂತು.”

ಗೌಡರು ಹೌದೌದು ಎಂದರು. ವಿದ್ಯೆಯ ಮಾತಿಗೆ ಎದುರಾಡುವವರು ನಮ್ಮೂರಿನಲ್ಲಿ ಆಗ ಯಾರಿದ್ದರು?

ನಮ್ಮ ಮನೆ ಬಂತು. ಬಾಗಿಲ ನಡುವೆ, ಎರಡೂ ಕೈಯನ್ನು ಚೌಕಟ್ಟಿಗೆ ಕೊಟ್ಟು ಆಯಿ ನಿಂತಿದ್ದಳು. ನನ್ನ ಕಾಲು ಅಂಗಳದಲ್ಲೇ ನಿಂತಿತು. ಬಿಸಿಲು ಎದುರಿಗಿತ್ತು, ಆಯಿ ಒಂದು ಕೈ ಎತ್ತಿ ಹುಬ್ಬಿನ ಮೇಲಿಟ್ಟು ನಮ್ಮ ಕಡೆ ನೋಡಿದಳು, ಕತ್ತು ಚಾಚಿ ನೋಡಿದಳು, ಗುರುತು ಹತ್ತಲಿಲ್ಲ.

“ಯಾರಬೇ ಅದು?” ಎಂದಳು.

ಅತ್ತೆಗೂ ಬಾಗಿಲು ಕಾಣುತ್ತಿರಲಿಲ್ಲ, ದನಿ ಬಂದ ಕಡೆ ಮುಖ ಮಾಡಿ ನಿಂತಿದ್ದರು. ಮೂವರಲ್ಲಿ ಕಣ್ಣು ಕಾಣುತ್ತಿದ್ದವಳು ನಾನೊಬ್ಬಳೇ. ಅತ್ತೆ ನನ್ನ ಕೈಯನ್ನು ಒಮ್ಮೆ ಒತ್ತಿದರು, ಹೇಳು ಎಂಬ ಹಾಗೆ.

“ನಾವರಿ ಆಯಿ,” ಎಂದೆ. “ಮನಿಯವರು.”

ಆಯಿ ಚೌಕಟ್ಟಿನಿಂದ ಕೈ ತೆಗೆದು, ಗೋಡೆಯ ಬದಿಗೆ ಸರಿದು, ಒಳಗೆ ಬರಲು ನಮಗಿಬ್ಬರಿಗೂ ದಾರಿ ಬಿಟ್ಟಳು.